37 ಅಲ್ಲ, 25 ಡಿಗ್ರಿ

ಮೊದಲ ದಿನ ನೋಂದಣಿ ಮೇಜಿನಲ್ಲಿ ಬ್ಯಾಗು, ಪೆನ್ನು, ಕೊರಳಿಗೆ ಹಾಕುವ ಕಾರ್ಡಿನ ಜೊತೆಗೆ ನಾಲ್ಕು ಪುಟದ ಒಪ್ಪಿಗೆ ಪತ್ರವನ್ನೂ ಕೊಟ್ಟರು. ಲ್ಯಾಬ್ ತರಗತಿಗೆ ನಮ್ಮದೇ ಕೆನ್ನೆಯ ಒಳಗಿನ ಜೀವಕೋಶ ಬಳಸುತ್ತಾರಂತೆ. ಮೂರನೇ ಪುಟದಲ್ಲಿ ಒಂದು ಪ್ರಶ್ನೆ ಇತ್ತು: 'ನಿಮ್ಮ ಫಲಿತಾಂಶ ನಿಮಗೆ ತಿಳಿಯಬೇಕೆ?' ಕೆಳಗೆ ಎರಡು ಚೌಕ. ನಾನು 'ಹೌದು' ಎಂದು ಗುರುತು ಹಾಕಿ, ಉಳಿದ ಪುಟ ತಿರುವಿ ಸಹಿ ಮಾಡಿ, ಕಾಫಿ ಕಡೆ ನಡೆದೆ. ಸಹಿ ಹಾಕುವ ಮುಂಚೆ ಓದಿ ಅಂತ ರೋಗಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವವಳು ನಾನು.

ಸಾಗರದಲ್ಲಿ ಫಿಸಿಶಿಯನ್ ಆಗಿ ಹದಿನಾಲ್ಕು ವರ್ಷ ಆಯಿತು. ಬಿಪಿ, ಶುಗರ್, ಮಳೆಗಾಲದಲ್ಲಿ ಇಲಿಜ್ವರ, ಬೇಸಿಗೆ ಹತ್ತಿರ ಬಂದರೆ ಮಂಗನ ಕಾಯಿಲೆ. ಜೆನೆಟಿಕ್ಸ್ ಅಂದರೆ ಎಂಬಿಬಿಎಸ್ಸಿನಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆತದ್ದು. ಮಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಜೆನೆಟಿಕ್ಸ್ ಮತ್ತು ಪ್ರಿಸಿಷನ್ ಮೆಡಿಸಿನ್ (ಒಬ್ಬೊಬ್ಬರ ಜೀನು ನೋಡಿ ಚಿಕಿತ್ಸೆ ಕೊಡುವುದು) ಬಗ್ಗೆ ಐದು ದಿನದ ಅಂತರರಾಷ್ಟ್ರೀಯ ಕಾರ್ಯಾಗಾರ ಇದೆ ಅಂತ ಗೆಳತಿಯೊಬ್ಬಳು ತಿಳಿಸಿದಾಗ ಹೋಗಲು ಎರಡು ಕಾರಣ ಇದ್ದವು. ಒಂದು, ನನ್ನ ರೋಗಿಗಳು ಆಗಾಗ ಹೇಳುವ ಮಾತು: 'ಆ ಮಾತ್ರೆ ನಂಗೆ ಆಗಿಬರಲ್ಲ ಡಾಕ್ಟ್ರೇ.' ಇಷ್ಟು ವರ್ಷ ಅದಕ್ಕೆ ಸುಮ್ನೆ ನಕ್ಕು ಬೇರೆ ಕಂಪನಿಯ ಅದೇ ಮಾತ್ರೆ ಬರೆದುಕೊಟ್ಟಿದ್ದೇನೆ. ಇನ್ನೊಂದು ಕಾರಣ ಅಪ್ಪಯ್ಯ. ಏಳು ತಿಂಗಳ ಹಿಂದೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆ ಕ್ಲೋಪಿಡೊಗ್ರೆಲ್ ಮಾತ್ರೆ ನಡೆಯುತ್ತಿತ್ತು. ಕಾರ್ಯಾಗಾರದ ಪಟ್ಟಿಯಲ್ಲಿ ಕ್ಲೋಪಿಡೊಗ್ರೆಲ್ ಹೆಸರು ಕಂಡಿತು. ಹೊರಟೆ.

ಮೂವತ್ತು ಜನ ಇದ್ದೆವು. ನೇಪಾಳ, ಶ್ರೀಲಂಕಾ, ಕೀನ್ಯಾ, ನಮ್ಮ ಕೇರಳ, ಆಂಧ್ರ. ಕಲಿಸುವವರಲ್ಲಿ ನೆದರ್ಲೆಂಡ್ಸಿನ ಒಬ್ಬ ಮೇಡಂ ಇದ್ದರು, ಎತ್ತರದ ಆಳು, ಎರಡನೇ ದಿನದಿಂದಲೇ ನೀರುದೋಸೆಗೆ ಒಗ್ಗಿಹೋದರು. ಉದ್ಘಾಟನೆಯ ಭಾಷಣಗಳ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಆಮೇಲಿನ ಪರಿಚಯ ಮಾತ್ರ ಚೆನ್ನಾಗಿತ್ತು. ಹೆಸರು, ಕೆಲಸ ಹೇಳಿದರೆ ಸಾಲದು, ನಿಮ್ಮ ಊರಿನ ಒಂದು ಕಾಯಿಲೆಯನ್ನೂ ಪರಿಚಯ ಮಾಡಿಸಬೇಕು ಅಂದರು.

ಶ್ರೀಲಂಕಾದವರು ತಲಸ್ಸೀಮಿಯಾ ಅಂದರು, ವಂಶದಲ್ಲಿ ಇಳಿದು ಬರುವ ರಕ್ತಹೀನತೆ. ಕೀನ್ಯಾದ ಹುಡುಗ ಸಿಕಲ್ ಸೆಲ್ ಅಂದ, ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಕಾಯಿಲೆ. ಪ್ರತಿ ಜೀನೂ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಈ ಕಾಯಿಲೆಯ ಜೀನು ಒಂದು ಪ್ರತಿ ಇದ್ದರೆ ಮಲೇರಿಯಾದಿಂದ ರಕ್ಷಣೆ, ಎರಡು ಪ್ರತಿ ಇದ್ದರೆ ಜೀವಮಾನವಿಡೀ ನೋವು. ಮೈಸೂರಿನಿಂದ ಬಂದಿದ್ದ ಡಾಕ್ಟರೊಬ್ಬರು ಅದೇ ಕಾಯಿಲೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೆ ಎಂದಾಗ ಅವನು ಕುರ್ಚಿ ತಿರುಗಿಸಿ ಕೂತ. ಮಂಗಳೂರಿನವರು ಜಿ6ಪಿಡಿ ಎಂಬ, ಕೆಂಪು ರಕ್ತಕಣ ಕಾಪಾಡುವ ಕಿಣ್ವದ ಕೊರತೆ ಹೇಳಿದರು. ಈ ಊರು ಮಲೇರಿಯಾ ಜಾಸ್ತಿ ಕಂಡ ಊರು. ವೈವ್ಯಾಕ್ಸ್ ಮಲೇರಿಯಾ ಮರುಕಳಿಸದಂತೆ ಹದಿನಾಲ್ಕು ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಜಿ6ಪಿಡಿ ಕೊರತೆ ಇದ್ದವರಿಗೆ ಅದೇ ಮಾತ್ರೆ ಕೆಂಪು ರಕ್ತಕಣಗಳನ್ನು ಒಡೆದುಹಾಕಬಹುದು.

ನಾನು ಹಂದಿಗೋಡು ಅಂದೆ. ಯಾರಿಗೂ ಗೊತ್ತಿರಲಿಲ್ಲ. ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಕಾಯಿಲೆಯ ಹೆಸರಾಗಿಬಿಟ್ಟಿದೆ. 1970ರ ದಶಕದ ನಡುವಿನಲ್ಲಿ ವೈದ್ಯರ ಕಣ್ಣಿಗೆ ಬಿದ್ದದ್ದು. ಸೊಂಟ, ಮಂಡಿಯ ಕೀಲು ಸವೆದು, ದುಡಿಯುವ ವಯಸ್ಸಿನವರು ಕೋಲು ಹಿಡಿದು, ಕೊನೆಗೆ ತೆವಳುವ ಸ್ಥಿತಿಗೆ ಬರುತ್ತಿದ್ದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಹೊಟ್ಟೆ ಸೇರಿ, ಆ ಏಡಿ ತಿಂದವರಿಗೆ ಹೀಗಾಯಿತು ಅನ್ನುವ ಮಾತು ಬಹಳ ಕಾಲ ಓಡಾಡಿತು. ಆಮೇಲೆ ಮನೆತನಗಳ ವಂಶವೃಕ್ಷ ಬರೆದು ನೋಡಿದಾಗ ಅದು ಪೀಳಿಗೆಯಿಂದ ಪೀಳಿಗೆಗೆ ಇಳಿಯುವುದು ಸ್ಪಷ್ಟವಾಯಿತು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಬಂದದ್ದು ಹೆಚ್ಚಾಗಿ ಭೂಮಿ ಇಲ್ಲದ, ಕೂಲಿ ಮಾಡುವ ದಲಿತ ಕುಟುಂಬಗಳಿಗೆ. ಡಚ್ ಮೇಡಂ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಬರೆದುಕೊಂಡರು. 'ಹಂದಿ'ಯ ಅರ್ಥ ಕೇಳಿದರು. ಹೇಳಿದೆ.

ಮಧ್ಯಾಹ್ನದ ಊಟಕ್ಕೆ ಬಳ್ಳಾರಿ ಕಡೆಯ ಅರಿವಳಿಕೆ ತಜ್ಞರೊಬ್ಬರ ಪಕ್ಕ ಕೂತಿದ್ದೆ. ಕಾರ್ಯಾಗಾರದ ಅತಿ ಒಳ್ಳೆಯ ಪಾಠ ಆ ಬಾಳೆಎಲೆಯ ಮುಂದೆ ಆಯಿತು ಅಂತ ಈಗಲೂ ನನ್ನ ಅಭಿಪ್ರಾಯ. ಆಪರೇಷನ್ ಮುಂಚೆ ಉಸಿರಾಟದ ಕೊಳವೆ ಹಾಕಲು ಸಕ್ಸಿನೈಲ್‌ಕೋಲಿನ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಮೈಯ ಮಾಂಸಖಂಡ ಎಲ್ಲ ಸಡಿಲ ಬೀಳುತ್ತದೆ, ಉಸಿರೂ ನಿಲ್ಲುತ್ತದೆ. ಐದು ಹತ್ತು ನಿಮಿಷದಲ್ಲಿ ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಕರಗಿಸಿ, ರೋಗಿ ತಾನೇ ಉಸಿರಾಡಲು ಶುರುಮಾಡುತ್ತಾನೆ. ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಆ ಕಿಣ್ವ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಗಂಟೆಗಟ್ಟಲೆ ವೆಂಟಿಲೇಟರ್‌ನಲ್ಲಿ ಇಡಬೇಕಾಗುತ್ತದೆ. ದಕ್ಷಿಣದ ಅರಿವಳಿಕೆ ವೈದ್ಯರಿಗೆ ಇದು ಗೊತ್ತು, ಅದಕ್ಕೇ ಅವರು ಮುಂಚೆಯೇ ಕೇಳುತ್ತಾರೆ.

'ಹೆಸರು ನೋಡಿದರೆ ಗೊತ್ತಾಗಲ್ವಾ ಸರ್?' ಅಂದೆ.

'ಎಲ್ಲಿ ಗೊತ್ತಾಗುತ್ತೆ ಮೇಡಂ? ನಮ್ಮ ಕಡೆ ಶೆಟ್ಟರು ಅಂದರೆ ಒಂದು. ಇಲ್ಲಿ ಶೆಟ್ಟಿ ಅಂದರೆ ಬಂಟರು. ನಾನು ಇಲ್ಲಿ ಕೆಲಸಕ್ಕೆ ಸೇರಿದ್ದ ಹೊಸದರಲ್ಲಿ ಲಿಸ್ಟಿನಲ್ಲಿ ಶೆಟ್ಟಿ ಅಂತ ಕಂಡವರಿಗೆಲ್ಲ ಆ ಇಂಜೆಕ್ಷನ್ ತಪ್ಪಿಸ್ತಿದ್ದೆ. ಸಿಸ್ಟರ್‌ಗಳು ಹಿಂದಿನಿಂದ ನಗ್ತಿದ್ರು.' ಸಾರು ಕಲಸಿಕೊಳ್ಳುತ್ತಾ ಮತ್ತೆ ಹೇಳಿದರು, 'ಈಗ ಒಂದೇ ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆಯಲ್ಲಿ ಯಾರಾದರೂ ಆಪರೇಷನ್ ಆದ ಮೇಲೆ ಏಳೋದು ತಡ ಆಗಿತ್ತಾ?'

ಎರಡನೇ ದಿನ ಲ್ಯಾಬ್. ಹತ್ತಿಯ ಕಡ್ಡಿಯಿಂದ ಕೆನ್ನೆ ಒಳಗೆ ಉಜ್ಜಿ, ಡಿಎನ್‌ಎ ತೆಗೆದು, ಸಿಪ್ 2ಸಿ19 ಎಂಬ ಜೀನಿನ ಒಂದು ತುಣುಕನ್ನು ಪಿಸಿಆರ್‌ನಲ್ಲಿ ಕೋಟಿಗಟ್ಟಲೆ ಪ್ರತಿ ಮಾಡುವುದು. ಕ್ಲೋಪಿಡೊಗ್ರೆಲ್ ನುಂಗಿದಾಗ ಅದು ಹಾಗೆಯೇ ಕೆಲಸ ಮಾಡುವುದಿಲ್ಲ. ಲಿವರ್‌ನಲ್ಲಿ ಈ ಜೀನಿನ ಕಿಣ್ವ ಅದನ್ನು ಚುರುಕು ಮಾಡಬೇಕು. ಜೀನಿನಲ್ಲಿ 'ಸ್ಟಾರ್ 2' ಎಂಬ ಬದಲಾವಣೆ ಇದ್ದರೆ ಕಿಣ್ವ ತಯಾರಾಗುವುದಿಲ್ಲ. ಎರಡೂ ಪ್ರತಿ ಹಾಗಿದ್ದರೆ ಮಾತ್ರೆ ನುಂಗಿಯೂ ಹೆಚ್ಚು ಪ್ರಯೋಜನ ಇಲ್ಲ. 2010ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಔಷಧದ ಮಾಹಿತಿ ಹಾಳೆಯಲ್ಲಿ ಚೌಕಟ್ಟು ಕಟ್ಟಿದ ಎಚ್ಚರಿಕೆ ಹಾಕಿಸಿತು. ನಮ್ಮ ಕಡೆ ಇದು ಅಪರೂಪದ ಬದಲಾವಣೆಯೂ ಅಲ್ಲ. ಭಾರತೀಯರಲ್ಲಿ ಈ ಜೀನಿನ ಸುಮಾರು ಮೂರನೇ ಒಂದು ಭಾಗ ಪ್ರತಿಗಳು ಸ್ಟಾರ್ 2. ಅಂದರೆ ಅರ್ಧಕ್ಕಿಂತ ತುಸು ಹೆಚ್ಚು ಜನರಲ್ಲಿ ಒಂದಾದರೂ ಇರುತ್ತದೆ.

ಅದನ್ನು ಪತ್ತೆ ಮಾಡುವ ವಿಧಾನ ಹಳೆಯದು, ಆದರೆ ಚಂದ. ಡಿಎನ್‌ಎ ಎಂದರೆ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರದ ಬರಹ. ಪಿಸಿಆರ್‌ನಿಂದ ಬಂದ ತುಣುಕಿನ ಉದ್ದ 169 ಅಕ್ಷರ. ಅದರ ಮೇಲೆ ಸ್ಮಾ ಒನ್ ಎಂಬ ಕತ್ತರಿ ಕಿಣ್ವ ಬಿಡುತ್ತಾರೆ. ಸಿಸಿಸಿಜಿಜಿಜಿ ಎಂಬ ಆರು ಅಕ್ಷರ ಸಾಲಾಗಿ ಕಂಡಲ್ಲಿ ಮಾತ್ರ ಅದು ಕತ್ತರಿಸುತ್ತದೆ. ಮಾಮೂಲಿ ಜೀನಾದರೆ ತುಣುಕು ಎರಡಾಗಿ 120 ಮತ್ತು 49 ಆಗುತ್ತದೆ. ಸ್ಟಾರ್ 2 ಆದರೆ ಒಂದು ಜಿ ಬದಲು ಎ ಕೂತಿರುತ್ತದೆ. ಕತ್ತರಿಗೆ ಗುರುತು ಸಿಗುವುದಿಲ್ಲ, 169 ಹಾಗೇ ಉಳಿಯುತ್ತದೆ. ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಒಂದೊಂದು ಉದ್ದಕ್ಕೂ ಒಂದೊಂದು ಗೆರೆ ಕಾಣುತ್ತದೆ. ಎರಡೂ ಬಗೆ ಒಂದೊಂದಿದ್ದರೆ ಮೂರು ಗೆರೆ.

ಸಂಜೆ ಐದಕ್ಕೆ ಕಿಣ್ವ ಸೇರಿಸಿದೆವು. ಮೇಜಿನ ಮೇಲೆ ಎರಡು ಬಿಸಿ ಬ್ಲಾಕ್ ಇದ್ದವು. ನಮ್ಮ ಗುಂಪಿನ ನಾಲ್ಕು ಟ್ಯೂಬು, ಜೊತೆಗೆ ಹೋಲಿಸಿ ನೋಡಲು ಒಂದು ಕಂಟ್ರೋಲ್ ಟ್ಯೂಬು ಹಿಡಿದು ನಾನೇ ಹೋದೆ. ಒಂದರಲ್ಲಿ 25, ಇನ್ನೊಂದರಲ್ಲಿ 37 ಅಂತ ಕೆಂಪು ಅಂಕಿ. ಕಿಣ್ವ ಅಂದ ಮೇಲೆ 37 ತಾನೇ, ಮೈಯ ಬಿಸಿ? ಅಲ್ಲೇ ಇಟ್ಟೆ. ವಿಧಾನದ ಹಾಳೆ ನನ್ನ ಬ್ಯಾಗಿನಲ್ಲೇ ಇತ್ತು.

ಮೂರನೇ ದಿನ ಜೆಲ್ ಓಡಿಸಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟರು. ನನ್ನ ಸಾಲಿನಲ್ಲಿ ಮೂರು ಗೆರೆ. ಕೆಳಗಿನ 49 ಮಸುಕಾಗಿತ್ತು, ಮೇಲಿನವೆರಡು ಸ್ಪಷ್ಟ. ನಾನು ಸ್ಟಾರ್ 2 ಹೊತ್ತವಳು! ಎಲ್ಲರೂ ಫೋಟೋ ತೆಗೆದುಕೊಂಡೆವು. ಅಷ್ಟರಲ್ಲಿ ಪಕ್ಕದ ಕೋಣೆಗೆ ಕರೆದರು, ನ್ಯಾನೋಪೋರ್ ಯಂತ್ರ ತೋರಿಸಲು. ಅಂಗೈ ಮೇಲೆ ಕೂರುವ ಮಿನ್‌ಅಯಾನ್, ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಡಿಎನ್‌ಎ ಎಳೆ ಸಣ್ಣ ರಂಧ್ರದಲ್ಲಿ ನುಸುಳುವಾಗಿನ ವಿದ್ಯುತ್ ಏರಿಳಿತ ಓದಿ ಅಕ್ಷರ ಹೇಳುತ್ತದೆ. ಅದಕ್ಕೆ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು, ಗಾಳಿಗುಳ್ಳೆ ಒಳಗೆ ಹೋದರೆ ರಂಧ್ರಗಳು ಸಾಯುತ್ತವೆ. ನೇಪಾಳದ ಹುಡುಗಿ ಉಸಿರು ಬಿಗಿಹಿಡಿದು ಬಿಟ್ಟಳು. ಗುಳ್ಳೆ ಹೋಗಲಿಲ್ಲ. ಚಪ್ಪಾಳೆ. ನನ್ನ ತಲೆಯಲ್ಲಿ ಅದ್ಯಾವುದೂ ಇರಲಿಲ್ಲ.

ರಾತ್ರಿ ಗೆಸ್ಟ್‌ಹೌಸಿನಿಂದ ಮನೆಗೆ ಫೋನ್ ಮಾಡಿದೆ.

'ಅಪ್ಪಯ್ಯ, ಆ ಕ್ಲೋಪಿಡೊಗ್ರೆಲ್ ಇದೆಯಲ್ಲ, ಅದು ನಿಮಗೆ ಸರಿಯಾಗಿ ಕೆಲಸ ಮಾಡ್ತಾ ಇದೆಯೋ ಇಲ್ವೋ.'

'ಯಾಕೆ?'

'ನನ್ನ ಜೀನಲ್ಲಿ ಒಂದು ಬದಲಾವಣೆ ಸಿಕ್ಕಿದೆ. ನಿಮ್ಮಿಂದ ಬಂದಿರಬಹುದು.'

'ನಿನ್ನ ಅಮ್ಮನಿಂದಲೂ ಬಂದಿರಬಹುದಲ್ಲ?' ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು.

'ಬಂದಿರಬಹುದು. ಊರಿಗೆ ಬಂದ ಮೇಲೆ ನೋಡೋಣ ಬಿಡಿ' ಅಂದೆ. ನನ್ನ ಮಟ್ಟಿಗೆ ಆ ಮಾತು ಅಲ್ಲಿಗೆ ಮುಗಿದಿತ್ತು.

ಬೆಳಿಗ್ಗೆ ಆರೂವರೆಗೆ ಅಮ್ಮನ ಫೋನ್. 'ಅಲ್ಲ ಮಾರಾಯ್ತಿ, ನೀನು ಏನು ಹೇಳಿದ್ದೀಯ ಅವರಿಗೆ? ನಿನ್ನೆ ರಾತ್ರಿ ಮಾತ್ರೆನೇ ತಗೊಂಡಿಲ್ಲ. ಕೆಲಸ ಮಾಡದ ಮಾತ್ರೆ ಯಾಕೆ ನುಂಗೋದು ಅಂತ ಕೂತಿದ್ದಾರೆ.'

ಕೈಕಾಲು ತಣ್ಣಗಾಯಿತು. ಸ್ಟೆಂಟ್ ಹಾಕಿದ ಮೊದಲ ವರ್ಷದಲ್ಲಿ ಆ ಮಾತ್ರೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗಬಹುದು. ಇದನ್ನು ನಾನೇ ಎಷ್ಟು ರೋಗಿಗಳಿಗೆ ಹೆದರಿಸಿ ಹೇಳಿದ್ದೇನೆ. ಕಡಿಮೆ ಕೆಲಸ ಮಾಡುವ ಮಾತ್ರೆ ಬೇರೆ, ಮಾತ್ರೆಯೇ ಇಲ್ಲದಿರುವುದು ಬೇರೆ. ಅಪ್ಪಯ್ಯನಿಗೆ ಫೋನ್ ಕೊಡಿಸಿ, ನುಂಗಿ ನೀರು ಕುಡಿಯುವ ಸದ್ದು ಕೇಳಿಸುವವರೆಗೆ ಲೈನಿನಲ್ಲೇ ನಿಂತಿದ್ದೆ.

ತಿಂಡಿಗೂ ಹೋಗದೆ ನೇರ ಲ್ಯಾಬಿಗೆ ಹೋದೆ. ಡಚ್ ಮೇಡಂ ಆಗಲೇ ಬಂದು ಹಿಂದಿನ ದಿನದ ಜೆಲ್ ಚಿತ್ರಗಳನ್ನು ಪರದೆಯ ಮೇಲೆ ಹರವಿಕೊಂಡಿದ್ದರು. ನಡೆದದ್ದು ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ನಮ್ಮ ಗುಂಪಿನ ಚಿತ್ರ ದೊಡ್ಡದು ಮಾಡಿ, 'ನಿನ್ನ ಸಾಲು ಬಿಡು. ಕಂಟ್ರೋಲ್ ಸಾಲು ನೋಡು' ಅಂದರು.

ಕಂಟ್ರೋಲ್ ಅಂದರೆ ಖಚಿತವಾಗಿ ಮಾಮೂಲಿ ಜೀನು ಎಂದು ಗೊತ್ತಿರುವ ಡಿಎನ್‌ಎ. ಅದರಲ್ಲಿ ಎರಡೇ ಗೆರೆ ಇರಬೇಕು. ಅಲ್ಲೂ ಮೂರು ಗೆರೆ ಇತ್ತು! ನಮ್ಮ ಗುಂಪಿನ ಉಳಿದ ಮೂವರಿಗೂ ಮೂರು.

'ಟ್ಯೂಬು ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದೆ?'

'37.'

ಅವರು ವಿಧಾನದ ಹಾಳೆ ನನ್ನ ಮುಂದೆ ಸರಿಸಿದರು. 25 ಡಿಗ್ರಿ ಎಂದು ದಪ್ಪಕ್ಷರದಲ್ಲೇ ಇತ್ತು. ಸ್ಮಾ ಒನ್ ಮನುಷ್ಯನ ಕಿಣ್ವ ಅಲ್ಲ, ಸೆರೇಶಿಯಾ ಎಂಬ ಬ್ಯಾಕ್ಟೀರಿಯಾದ್ದು. ಅದಕ್ಕೆ 25 ಡಿಗ್ರಿಯೇ ಹಿತ. 37ರಲ್ಲಿ ಬೇಗ ಸೋತುಹೋಗುತ್ತದೆ. ಕತ್ತರಿಸಬೇಕಾದ ತುಣುಕುಗಳಲ್ಲಿ ಒಂದಷ್ಟು ಕತ್ತರಿಸಿ, ಉಳಿದದ್ದನ್ನು ಹಾಗೇ ಬಿಡುತ್ತದೆ. ಕತ್ತರಿಸಿದ್ದು, ಕತ್ತರಿಸದ್ದು ಎರಡೂ ಸೇರಿದರೆ ಮೂರು ಗೆರೆ, ಥೇಟ್ ಸ್ಟಾರ್ 2 ಹೊತ್ತವರಂತೆ. ಅರ್ಧ ಬೆಂದ ಅನ್ನ ನೋಡಿ ಎರಡು ಬಗೆ ಅಕ್ಕಿ ಬೆರೆತಿದೆ ಅಂದ ಹಾಗಾಯಿತು.

ಅವತ್ತೇ ಉಳಿದ ಪಿಸಿಆರ್ ತುಣುಕಿಗೆ ಮತ್ತೆ ಕಿಣ್ವ ಸೇರಿಸಿ 25ರಲ್ಲಿ ಇಟ್ಟೆ. ಸಂಜೆ ಎರಡೇ ಗೆರೆ. ನಾನು ಮಾಮೂಲಿ. ಗುಂಪಿನಲ್ಲಿ ಒಬ್ಬರಿಗೆ ಮಾತ್ರ ನಿಜವಾಗಿ ಮೂರು ಗೆರೆ ಉಳಿಯಿತು. ಖುಷಿಯಿಂದ ಮೇಡಂಗೆ ತೋರಿಸಿದರೆ, 'ಇದರಿಂದ ನಿನ್ನ ಅಪ್ಪನ ಬಗ್ಗೆ ಏನು ಗೊತ್ತಾಯಿತು?' ಅಂದರು. ಯೋಚಿಸಿದೆ. ನನಗೆ ಅವರಿಂದ ಬಂದ ಒಂದು ಪ್ರತಿ ಸರಿ ಇದೆ. ಇನ್ನೊಂದು ಪ್ರತಿ ಹೇಗಿದೆಯೋ ನನ್ನ ಜೆಲ್ ಹೇಳುವುದಿಲ್ಲ. 'ಎರಡೂ ಸ್ಟಾರ್ 2 ಅಲ್ಲ ಅಂತ ಗೊತ್ತಾಯಿತು, ಅಷ್ಟೇ' ಅಂದೆ. 'ಅದೂ ಕಾಲೇಜು ಲ್ಯಾಬಿನ ಜೆಲ್ ನಂಬಿದರೆ' ಅಂತ ಸೇರಿಸಿದರು. ಆಮೇಲೆ ಒಪ್ಪಿಗೆ ಪತ್ರ ತೆಗೆದು ನಾಲ್ಕನೇ ಪುಟ ತೋರಿಸಿದರು. 'ಈ ಫಲಿತಾಂಶ ಕಲಿಕೆಗೆ ಮಾತ್ರ. ಚಿಕಿತ್ಸೆಯ ನಿರ್ಧಾರಕ್ಕೆ ಬಳಸಬಾರದು.' ಕೆಳಗೆ ನನ್ನ ಸಹಿ.

ಅದೇ ನಾಲ್ಕನೇ ದಿನದ ಉಳಿದ ಬೆಳಗು ಕಂಪ್ಯೂಟರ್ ಮುಂದೆ ಕಳೆದಿತ್ತು. ಒಬ್ಬ ಮನುಷ್ಯನ ಜೀನೋಮನ್ನು, ಅಂದರೆ ಪೂರ್ತಿ ಡಿಎನ್‌ಎ ಬರಹವನ್ನು, ಮಾದರಿ ಜೀನೋಮಿನ ಜೊತೆ ಹೋಲಿಸಿದರೆ 40ರಿಂದ 50 ಲಕ್ಷ ಕಡೆ ವ್ಯತ್ಯಾಸ ಸಿಗುತ್ತದೆ. ಅದನ್ನು ಸೋಸುತ್ತಾ ಹೋಗಿ ಕೊನೆಗೆ ಬೆರಳೆಣಿಕೆಗೆ ತರಬೇಕು. ಉಳಿದವನ್ನು ಐದು ಬುಟ್ಟಿಗೆ ಹಾಕುತ್ತಾರೆ. ರೋಗಕ್ಕೆ ಕಾರಣ, ಬಹುಶಃ ಕಾರಣ, ಬಹುಶಃ ನಿರುಪದ್ರವಿ, ನಿರುಪದ್ರವಿ. ನಡುವಿನ ಬುಟ್ಟಿ 'ಅರ್ಥ ಗೊತ್ತಿಲ್ಲ'. ನಮ್ಮವರ ಜೀನೋಮ್ ನೋಡಿದರೆ ಆ ನಡುವಿನ ಬುಟ್ಟಿ ಬೇಗ ತುಂಬುತ್ತದೆ, ಯಾಕೆಂದರೆ ಹೋಲಿಸಲು ಇರುವ ಮಾಹಿತಿ ಜಾಸ್ತಿ ಯುರೋಪ್ ಮೂಲದವರದ್ದು. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಒಂದು ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದವರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿದೆ. ಬೇರೆ ಕಡೆ ಅದು ಸಿಗುವುದೇ ಅಪರೂಪ. ಈ ಕೊರತೆ ತುಂಬಲೆಂದೇ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ಜೀನೋಮ್ ಓದಿದ್ದಾರೆ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಅದರ ಮುಂದಾಳತ್ವ ವಹಿಸಿತ್ತು. 2025ರ ಜನವರಿಯಿಂದ ಆ ಮಾಹಿತಿ ಸಂಶೋಧಕರಿಗೆ ತೆರೆದಿದೆ.

ಡಚ್ ಮೇಡಂ ತಮ್ಮ ಕಡೆಯ ಒಂದು ದೊಡ್ಡ ಅಧ್ಯಯನ ವಿವರಿಸಿದರು. ಯುರೋಪಿನ ಏಳು ದೇಶ, ಸುಮಾರು 7,000 ರೋಗಿಗಳು. ಮೊದಲೇ 12 ಜೀನು ನೋಡಿ ಔಷಧ ಕೊಟ್ಟಾಗ ಅಡ್ಡಪರಿಣಾಮ ನೂರಕ್ಕೆ ಮೂವತ್ತರಷ್ಟು ಕಡಿಮೆಯಾಯಿತು. 2023ರಲ್ಲಿ ಪ್ರಕಟವಾದದ್ದು. ಕೀನ್ಯಾದ ಹುಡುಗ ಕೈ ಎತ್ತಿದ. 'ಅದರಲ್ಲಿ ನಮ್ಮಂಥವರು ಎಷ್ಟು ಜನ?' ಮೇಡಂ ಮುಚ್ಚಿಡದೆ, 'ತೀರಾ ಕಡಿಮೆ' ಅಂದರು.

ಕೊನೆಯ ದಿನ, ವಂಶದ ಕಾಯಿಲೆ ಬಗ್ಗೆ ಕುಟುಂಬಕ್ಕೆ ತಿಳಿಸಿ ಹೇಳುವ ಆಪ್ತಸಮಾಲೋಚನೆಯ ಅಭ್ಯಾಸ, ನಾಟಕದ ಹಾಗೆ. ನಾನು ಹೆಂಡತಿ, ಬಳ್ಳಾರಿ ಡಾಕ್ಟರು ಗಂಡ, ಕೀನ್ಯಾದ ಹುಡುಗ ಸಲಹೆಗಾರ. ನಮ್ಮ ಮೊದಲ ಮಗುವಿಗೆ ಕಿವಿ ಕೇಳುವುದಿಲ್ಲ ಅಂತ ಕಥೆ. ಅವನು ವಂಶವೃಕ್ಷ ಬರೆಯಲು ಶುರುಮಾಡಿದ. ಚೌಕ ಗಂಡು, ವೃತ್ತ ಹೆಣ್ಣು. ಮದುವೆಗೆ ಮುಂಚೆ ನಿಮಗೆ ಸಂಬಂಧ ಇತ್ತೇ ಅಂದ. 'ಇವರು ನನ್ನ ಸೋದರಮಾವ' ಅಂದೆ. ಪೆನ್ನು ನಿಂತಿತು. ಗಂಡನಿಂದ ಗೆರೆ ಎಳೆದರೆ ಅದು ನನ್ನ ಅಮ್ಮನ ಪಕ್ಕ ಹೋಗುತ್ತದೆ, ಅಲ್ಲಿಂದ ಇಳಿದರೆ ಮತ್ತೆ ನಾನೇ. ಕೊನೆಗೆ ಜೋಡಿಗೆರೆ ಎಳೆದು ಅವನು ತಲೆ ಎತ್ತುವ ಹೊತ್ತಿಗೆ ಹಾಳೆ ರಂಗೋಲಿ ಆಗಿತ್ತು. ಮಾವ ಸೊಸೆಯ ಮದುವೆಯಲ್ಲಿ ಮಗುವಿಗೆ ಒಂದೇ ಹಿರಿಯರಿಂದ ಒಂದೇ ಜೀನಿನ ಎರಡೂ ಪ್ರತಿ ಸಿಗುವ ಸಂಭವ ಎಂಟರಲ್ಲಿ ಒಂದು. ಅತ್ತೆ ಮಗ, ಮಾವನ ಮಗಳಾದರೆ ಹದಿನಾರರಲ್ಲಿ ಒಂದು. ನಮ್ಮ ಕಡೆ ಇಂಥ ಮದುವೆ ಎಷ್ಟೋ. ಹೆಚ್ಚಿನ ಮಕ್ಕಳು ಆರೋಗ್ಯವಾಗೇ ಇರುತ್ತಾರೆ ಅನ್ನುವುದೂ ನಿಜ.

ಅವನು ಲೆಕ್ಕ ಸರಿಯಾಗೇ ಹೇಳಿದ. ಆದರೆ ನಮಗೆ ಇದನ್ನು ಕಲಿಸುತ್ತಿದ್ದ ಬೆಂಗಳೂರಿನ ಸಲಹೆಗಾರ್ತಿ ತಡೆದು, 'ಆಕೆ ಇನ್ನೂ ಏನೂ ಕೇಳಿಲ್ಲ. ನೀವು ಆಗಲೇ ಉತ್ತರ ಕೊಟ್ಟಿರಿ. ಮನೆಗೆ ಹೋಗಿ ಆಕೆ ಇದನ್ನು ಅತ್ತೆಗೆ ಹೇಗೆ ಹೇಳುತ್ತಾಳೆ ಅಂತ ಯೋಚಿಸಿದಿರಾ?' ಅಂದರು. ಎಲ್ಲರೂ ಅವನ ಕಡೆ ನೋಡಿದರು. ನನಗೆ ಮಾತ್ರ ಆ ಮಾತು ನನಗೇ ಹೇಳಿದಂತಿತ್ತು.

ಪ್ರಮಾಣಪತ್ರ, ಗುಂಪು ಫೋಟೋ, ಗೋಳಿಬಜೆ. ಸಂಜೆ ಬಸ್ ಹತ್ತಿದೆ. ಹುಲಿಕಲ್ ಘಾಟಿ ಹತ್ತುವಾಗ ಮಳೆ.

ಮರುದಿನ ಹೃದ್ರೋಗ ತಜ್ಞರಿಗೆ ಫೋನ್ ಮಾಡಿ ನನ್ನ ಪೆದ್ದುತನವನ್ನೂ ಮುಚ್ಚಿಡದೆ ಹೇಳಿದೆ. ಅವರು ನಕ್ಕರು. ಮಾತ್ರೆ ಈಗಿರುವಂತೆ ನಡೆಯಲಿ, ಬೇಕಿದ್ದರೆ ಮಾನ್ಯತೆ ಇರುವ ಲ್ಯಾಬಿನಲ್ಲಿ ಅವರದೇ ರಕ್ತ ಪರೀಕ್ಷೆ ಮಾಡಿಸೋಣ, ಬದಲಿಸುವುದಿದ್ದರೆ ಆಮೇಲೆ ನಾನು ಹೇಳುತ್ತೇನೆ ಅಂದರು. ಅಪ್ಪಯ್ಯನನ್ನು ಕೂರಿಸಿ ವಿವರಿಸಿದೆ. ಈ ಸಲ ಮೊದಲು ಅವರು ಏನು ಅಂದುಕೊಂಡಿದ್ದಾರೆ ಎಂದು ಕೇಳಿದೆ.

'ನಿನ್ನ ಜೀನು ಸರಿ ಇದ್ದರೆ ನಂದು ಅರ್ಧ ಸರಿ ಇದೆ ಅಂತ ಆಯ್ತು' ಅಂದರು. 'ಇನ್ನರ್ಧಕ್ಕೆ ರಕ್ತ ಬೇಕು. ತಗೋ' ಅಂತ ಕೈ ಚಾಚಿದರು.

ರಕ್ತ ನಾನೇ ತೆಗೆದೆ. ಟ್ಯೂಬಿನ ಮೇಲೆ ಹೆಸರು, ವಯಸ್ಸು, ತಾರೀಕು ಬರೆದೆ. ಲ್ಯಾಬಿನವರು ಕೊಟ್ಟ ಒಪ್ಪಿಗೆ ಪತ್ರವನ್ನು ಅಪ್ಪಯ್ಯ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆವರೆಗೆ ಓದಿದರು. ಒಂದು ಕಡೆ ಅಕ್ಷರ ತಪ್ಪಿತ್ತು, ಪೆನ್ನಿನಲ್ಲಿ ತಿದ್ದಿ ಸಹಿ ಹಾಕಿದರು. ವರದಿ ಇನ್ನೂ ಬಂದಿಲ್ಲ.